ಮಕ್ಕಳ ಕೈಗೆ ಸಿಕ್ಕ ಪಾಠ

ಬೋಧನಾಭ್ಯಾಸದ ದಿನಗಳು ಹತ್ತಿರ ಬಂದವೆಂದರೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಆಸುಪಾಸಿನ ಸ್ಟೇಷನರಿ ಅಂಗಡಿಗಳಲ್ಲಿ ಡ್ರಾಯಿಂಗ್ ಶೀಟು, ಥರ್ಮಕೋಲು, ಸ್ಕೆಚ್ ಪೆನ್ನುಗಳ ವ್ಯಾಪಾರ ಜೋರಾಗುತ್ತದೆ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಡಿ.ಎಲ್.ಇಡಿ. ಓದುತ್ತಿರುವ ಹುಡುಗ ಹುಡುಗಿಯರು ನಡುರಾತ್ರಿಯವರೆಗೆ ಹಾಸ್ಟೆಲಿನಲ್ಲಿ ಕೂತು ಸೌರವ್ಯೂಹ, ಮನುಷ್ಯನ ಹೃದಯ, ಜಲಚಕ್ರಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುತ್ತಾರೆ. ಬೆಳಿಗ್ಗೆ ನೂಕುನುಗ್ಗಲಿನ ಬಸ್ಸಿನಲ್ಲಿ ಅದು ಮುರಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಶಾಲೆ ಮುಟ್ಟುತ್ತಾರೆ. ಮೇಜಿನ ಮೇಲೆ ಮಾದರಿ ಕೂರುತ್ತದೆ. "ಮಕ್ಕಳೇ, ಇದೇನು?" ಎಂಬ ಪ್ರಶ್ನೆಗೆ ತರಗತಿ ಒಂದೇ ದನಿಯಲ್ಲಿ ಉತ್ತರಿಸುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಮಾರ್ಗದರ್ಶಕರು 'ಕಲಿಕೋಪಕರಣಗಳ ಬಳಕೆ' ಎಂಬಲ್ಲಿ ಅಂಕ ಹಾಕುತ್ತಾರೆ. ಪಾಠ ಮುಗಿದ ಮೇಲೆ ಆ ಮಾದರಿ ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನ ಮೇಲೇರುತ್ತದೆ. ಅಷ್ಟು ಹೊತ್ತೂ ಒಂದು ಮಗು ಕೂಡ ಅದನ್ನು ಮುಟ್ಟಿರುವುದಿಲ್ಲ.

ಆ ಪ್ರಶಿಕ್ಷಣಾರ್ಥಿಗಳ ದುಡಿಮೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ತಮ್ಮ ಕೈಯಿಂದಲೇ ದುಡ್ಡು ಹಾಕಿ, ನಿದ್ದೆಗೆಟ್ಟು ಮಾಡುತ್ತಾರೆ. ಆದರೆ ಜಲಚಕ್ರದ ಬಗ್ಗೆ ಆ ರಾತ್ರಿ ಹೆಚ್ಚು ಯೋಚಿಸಿದವರು ಅದನ್ನು ಕತ್ತರಿಸಿ ಜೋಡಿಸಿದವರು. ಬಾಣದ ಗುರುತು ಯಾವ ಕಡೆ ತಿರುಗಬೇಕು, ಮೋಡ ಎಲ್ಲಿರಬೇಕು ಎಂದು ತಲೆ ಕೆಡಿಸಿಕೊಂಡವರೂ ಅವರೇ. ನಾಲ್ಕನೇ ತರಗತಿಯ ಮಗುವಿಗೆ ಸಿಕ್ಕಿದ್ದು ಆ ಯೋಚನೆ ಮುಗಿದ ಮೇಲೆ ಉಳಿದ ಚಿತ್ರ. ಪ್ರಾಥಮಿಕ ಶಾಲೆಯ ಚಟುವಟಿಕೆಗಳ ಬಗ್ಗೆ ಮಾತಾಡುವಾಗ ನಾವು ಮೊದಲು ಕೇಳಬೇಕಾದ್ದು, ವಸ್ತು ಎಷ್ಟು ಹೊತ್ತು ಯಾರ ಕೈಯಲ್ಲಿತ್ತು ಎಂದು.

ಮೈಸೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕಂಡ ಗಣಿತದ ತರಗತಿಯೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾಲ್ಕನೇ ತರಗತಿ. ಪಾಠ ಮಾಡುತ್ತಿದ್ದವಳು ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ಹಲಗೆಯ ಮೇಲೆ 42ರಲ್ಲಿ 17 ಕಳೆಯುವ ಲೆಕ್ಕ. ಆರು ಮಕ್ಕಳ ಗುಂಪಿನಲ್ಲಿ ಒಬ್ಬ ಹುಡುಗ ಚಕಚಕನೆ 35 ಎಂದು ಬರೆದಿದ್ದ. ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುವ ಯಾರಿಗೂ ಇದು ಹೊಸತಲ್ಲ. ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲಿ ಎರಡು ಹೋಗುತ್ತದೆ. ಆದ್ದರಿಂದ ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಆಯಿತು ಎಂದು ಮಗು ತನಗೆ ತಾನೇ ಒಂದು ನಿಯಮ ಮಾಡಿಕೊಂಡಿರುತ್ತದೆ. ಅದನ್ನು ಅಜಾಗರೂಕತೆ ಎಂದು ಬಗೆದರೆ ಮಗುವಿಗೆ ಅನ್ಯಾಯ. ಆ ನಿಯಮದ ಹಿಂದೆ ಯೋಚನೆ ಇದೆ, ತಳ ಮಾತ್ರ ತಪ್ಪಿದೆ.

ಅವಳು 'ತಪ್ಪು' ಎನ್ನಲಿಲ್ಲ. ಅಜ್ಜಿಯ ಮನೆಯಿಂದ ತಂದ ಹಂಚಿಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಚೀಲದಲ್ಲಿಟ್ಟುಕೊಂಡಿದ್ದಳು. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಎಣಿಸಿ ಹುಡುಗನ ಮುಂದೆ ಇಟ್ಟಳು. "ಇದರಲ್ಲಿ ಹದಿನೇಳು ಇವಳಿಗೆ ಕೊಡು ನೋಡೋಣ" ಎಂದು ಪಕ್ಕದ ಹುಡುಗಿಯನ್ನು ತೋರಿಸಿದಳು.

ಹುಡುಗ ಒಂದು ಕಟ್ಟು ಕೊಟ್ಟ. ಎರಡು ಬಿಡಿ ಕಡ್ಡಿಯನ್ನೂ ಕೊಟ್ಟ. ಅಲ್ಲಿಗೆ ಕೈ ನಿಂತಿತು.

"ಇನ್ನೈದು ಇಲ್ಲ ಮಿಸ್."

"ನಿನ್ನ ಹತ್ರ ಕಡ್ಡಿ ಇಲ್ವಾ?"

"ಅವೆ ಮಿಸ್. ಕಟ್ಟೊಳಗವೆ."

ಅವಳು ಮುಂದೆ ಏನೂ ಹೇಳಲಿಲ್ಲ. ಹುಡುಗ ಕಟ್ಟನ್ನು ಹಿಂದೆ ಮುಂದೆ ತಿರುಗಿಸಿದ, ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟ, ಅವಳ ಮುಖ ನೋಡಿದ. ಕೈಚಾಚಿ ಕೂತಿದ್ದ ಹುಡುಗಿ "ಬೇಗ ಕೊಡೋ" ಎಂದಳು. ಕೊನೆಗೆ ಅವನೇ ಕೇಳಿದ: "ಬಿಚ್ಲಾ ಮಿಸ್?" ಬಿಚ್ಚಿದ. ಹತ್ತರಲ್ಲಿ ಐದು ಎಣಿಸಿ ಕೊಟ್ಟ. ತನ್ನ ಮುಂದೆ ಉಳಿದ ಎರಡು ಕಟ್ಟು, ಐದು ಬಿಡಿ ಕಡ್ಡಿ ನೋಡಿದ. ಆಮೇಲೆ ಸ್ಲೇಟಿನ ಮೇಲಿದ್ದ 35ನ್ನು ನೋಡಿದ. ಅಂಗೈಯಲ್ಲಿ ಅದನ್ನು ಒರೆಸಿದ್ದು ಅವನೇ, ಯಾರೂ ಹೇಳಿರಲಿಲ್ಲ. ಆ ಹುಡುಗಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ತನ್ನ ಹದಿನೇಳನ್ನೂ ಅವನ ಇಪ್ಪತ್ತೈದನ್ನೂ ಮತ್ತೆ ಒಟ್ಟು ಸೇರಿಸಿ ಎಣಿಸಿ, ನಲವತ್ತೆರಡೇ ಆದದ್ದು ಖಾತ್ರಿಯಾದ ಮೇಲೆ ಸುಮ್ಮನಾದಳು.

'ಪಕ್ಕದ ಮನೆಯಿಂದ ಒಂದು ಸಾಲ ತಾ' ಎಂದು ಬಾಯಿಪಾಠ ಮಾಡಿಸಿದ್ದರೆ ಆ ಲೆಕ್ಕ ಎರಡೇ ನಿಮಿಷದಲ್ಲಿ ಸರಿಯಾಗುತ್ತಿತ್ತು. ಆದರೆ ಬಂದ ಆ 'ಒಂದು' ಹೇಗೆ ಹತ್ತಾಯಿತು ಎಂಬುದು ಮಗುವಿಗೆ ಕಾಣುತ್ತಿರಲಿಲ್ಲ. ಮುಂದೆ 402ರಲ್ಲಿ 17 ಕಳೆಯುವಾಗ ನಡುವಿನ ಸೊನ್ನೆಯ ಮುಂದೆ ಮತ್ತೆ ಮುಗ್ಗರಿಸುತ್ತಿತ್ತು. ಕಟ್ಟು ಬಿಚ್ಚಿದ ಕೈಗೆ ಸೊನ್ನೆ ಎದುರಾದಾಗ ಇನ್ನೂ ದೊಡ್ಡ ಕಟ್ಟು ಹುಡುಕಬೇಕೆಂದು ಹೊಳೆಯುವ ಸಾಧ್ಯತೆ ಹೆಚ್ಚು. ಆ ತರಗತಿಯಲ್ಲಿ ನನಗೆ ಕಡ್ಡಿಗಿಂತ ಹೆಚ್ಚು ಹಿಡಿಸಿದ್ದು ಅವಳ ಮೌನ. ಹುಡುಗ ರಬ್ಬರ್ ಬ್ಯಾಂಡ್ ಎಳೆಯುತ್ತಿದ್ದಷ್ಟು ಹೊತ್ತೂ ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಎಂಬುದು ಪಾಠ ಹೇಳಿದವರಿಗೆಲ್ಲ ಗೊತ್ತು. ಅದೂ ಅಂಕ ಹಾಕುವವರು ಹಿಂದೆ ಕೂತಿರುವಾಗ! ಪಾಠಯೋಜನೆಯಲ್ಲಿ ಪೀಠಿಕೆಗೆ, ವಿಷಯ ಬೆಳವಣಿಗೆಗೆ, ಪುನರಾವರ್ತನೆಗೆ ಜಾಗವಿದೆ. ಕಾಯುವುದಕ್ಕೆ ಕಲಮಿಲ್ಲ.

ಕೈಯಿಂದ ಮಾಡಿ ಕಲಿಯುವ ಮಾತು ನಮ್ಮಲ್ಲಿ ಹಳೆಯದೇ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಗೆಲಸವನ್ನೇ ಓದಿನ ನಡುಮಧ್ಯೆ ತಂದಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ತಮ್ಮದೇ ಪ್ರಯೋಗಗಳನ್ನು ಮಾಡಿದರು. 1987ರಲ್ಲಿ ಶುರುವಾದ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆಯಲ್ಲಿ ದೇಶದ ಪ್ರಾಥಮಿಕ ಶಾಲೆಗಳಿಗೆ ಕಲಿಕೋಪಕರಣಗಳ ಪೆಟ್ಟಿಗೆಗಳು ಬಂದವು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಅನೇಕ ಕಡೆ ಆ ಪೆಟ್ಟಿಗೆಗಳು ಬೀರುವಿನಿಂದ ಹೊರಗೆ ಬರಲಿಲ್ಲ. ಇದಕ್ಕೆ ಶಿಕ್ಷಕರ ಸೋಮಾರಿತನವನ್ನು ದೂರುವುದು ಸುಲಭ. ನಿಜವಾದ ಕಾರಣ ದಾಸ್ತಾನು ವಹಿಯಲ್ಲಿದೆ. ಒಂದು ಭೂತಗನ್ನಡಿ ಒಡೆದರೆ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು. ಲೆಕ್ಕಕ್ಕೆ ಸೇರಿದ ವಸ್ತುವನ್ನು ಯಾರೂ ಮನಸ್ಸು ಬಿಚ್ಚಿ ಮಕ್ಕಳ ಕೈಗೆ ಕೊಡಲಾರರು. ಹಂಚಿಕಡ್ಡಿ, ಹುಣಸೆಬೀಜ, ಬಾಟಲಿ ಮುಚ್ಚಳ, ಹಳೆಯ ಪೇಪರುಗಳ ದೊಡ್ಡ ಗುಣವೆಂದರೆ ಅವು ಯಾವ ವಹಿಯಲ್ಲೂ ಇಲ್ಲ. ಮುರಿದರೆ ಮುರಿಯಿತು.

ಈ ಗುಣವನ್ನು ಚೆನ್ನಾಗಿ ಅರಿತಿದ್ದವರು ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮ ಶುರು ಮಾಡಿದವರು. ಹದಿನಾರು ಹಳ್ಳಿಶಾಲೆಗಳಿಂದ ಹೊರಟು ಬೆಳೆದ ಆ ಪ್ರಯೋಗವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಆದರೆ ಅದರ ಬೀಜ ಬೇರೆ ಬೇರೆ ಕಡೆ ಹೋಗಿ ಬಿತ್ತು. ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿಗೆ ಹೋದವರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜ್ಯಾಮಿತಿ ಕಲಿಸುವ ಬಗೆಯನ್ನು ಅವರು ಅಲ್ಲಿ ರೂಪಿಸಿದರು. ಮುಂದೆ ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡರು. 2018ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದ ಪ್ರಶಿಕ್ಷಣಾರ್ಥಿಗಳೂ ಈಗ ಅವರ ವೀಡಿಯೊಗಳನ್ನು ನೋಡಿ ಈ ಬೆಂಕಿಕಡ್ಡಿಯ ಚಟುವಟಿಕೆ ಮಾಡಿಸುತ್ತಾರೆ. ಮದ್ದು ಕೆರೆದು ತೆಗೆದ ಮೂರು ಕಡ್ಡಿ, ಮೂರು ಟ್ಯೂಬ್ ತುಂಡು ಸೇರಿದರೆ ತ್ರಿಭುಜ; ಎಷ್ಟು ಅದುಮಿದರೂ ಆಕಾರ ಬಿಡದು. ನಾಲ್ಕು ಕಡ್ಡಿಯ ಚೌಕವೋ, ಬೆರಳು ತಗುಲಿದರೆ ವಾಲಿ ಬೀಳುತ್ತದೆ. ಅದನ್ನು ನಿಲ್ಲಿಸಿ ಎಂದರೆ ಮಕ್ಕಳು ಏನೇನೋ ಮಾಡುತ್ತಾರೆ, ಕೊನೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಕಡ್ಡಿ ಸೇರಿಸುತ್ತಾರೆ. ಅಲ್ಲಿಂದಾಚೆ ಅವರ ಕಣ್ಣೇ ಬೇರೆ. ತೋಟದ ಗೇಟಿನ ಓರೆಪಟ್ಟಿ, ಕರೆಂಟಿನ ದೊಡ್ಡ ಟವರು, ಸೈಕಲ್ಲಿನ ಫ್ರೇಮು, ಎಲ್ಲೆಲ್ಲೂ ತ್ರಿಭುಜ.

ನಮ್ಮಲ್ಲೇ ಹುಟ್ಟಿದ ಚಟುವಟಿಕೆಯ ಕಲಿಕಾ ಪದ್ಧತಿ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ಕಟ್ಟಿದ್ದು ಅದು. 2009-10ರ ಹೊತ್ತಿಗೆ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ರಾಜ್ಯದಾದ್ಯಂತ ಬಂತು, ಆಮೇಲೆ ಮೂರನೆಯದಕ್ಕೂ. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ, ಮೇಲೆ ದಾರದ ಚಪ್ಪರ, ಅದಕ್ಕೆ ನೇತುಬಿದ್ದ ಮಕ್ಕಳ ಚಿತ್ರ, ಕಲಿಕಾ ಏಣಿ, ಕಾರ್ಡುಗಳು, ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗೆ ಐದು 'ತಟ್ಟೆ'ಗಳು, ಅಂದರೆ ಗುಂಪುಗಳು. ಈ ವ್ಯವಸ್ಥೆ ಚೆನ್ನಾಗಿ ನಡೆಯಲು ಒಂದು ತಟ್ಟೆಯ ಮಕ್ಕಳ ಪಕ್ಕ ದೊಡ್ಡವರೊಬ್ಬರು ನೆಮ್ಮದಿಯಾಗಿ ಕೂರಬೇಕು. ಮೂರು ತರಗತಿಗಳನ್ನು ಒಟ್ಟಿಗೆ ನೋಡುವ ಒಬ್ಬರೇ ಶಿಕ್ಷಕರಿಗೆ ಅದು ಯಾವಾಗಲೂ ಆಗದ ಮಾತು. ಪ್ರಶಿಕ್ಷಣಾರ್ಥಿಗೆ ಆಗುತ್ತದೆ. ಅವರಿಗೆ ಅನುಭವ ಕಡಿಮೆ, ಬಿಡುವು ಹೆಚ್ಚು. ಆರು ಮಕ್ಕಳ ನಡುವೆ ಅರ್ಧ ಗಂಟೆ ಚಕ್ಕಳಮಕ್ಕಳ ಹಾಕಿ ಕೂರುವ ಅವಕಾಶ ಮುಂದೆ ನೌಕರಿ ಸಿಕ್ಕ ಮೇಲೆ ಅಷ್ಟು ಸುಲಭಕ್ಕೆ ಸಿಗದು.

ಇನ್ನು ಕೋಲು ನೆಟ್ಟು ನೆರಳು ಅಳೆಯುವ ಚಟುವಟಿಕೆಗೆ ಬರುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ ಮಾಡಿಸಬಹುದಾದ ಚಟುವಟಿಕೆಗಳಲ್ಲಿ ಇದರಷ್ಟು ಅಗ್ಗದ್ದೂ ಇಲ್ಲ, ಇದರಷ್ಟು ಆಳಕ್ಕೆ ಇಳಿಯುವುದೂ ಇಲ್ಲ ಎಂದು ನನ್ನ ನಂಬಿಕೆ. ಕಡ್ಡಿಯ ಲೆಕ್ಕ ಕಂಡ ಅದೇ ಶಾಲೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಆರನೇ ತರಗತಿಯವರಿಗೆ ಇದನ್ನು ಮಾಡಿಸುತ್ತಿದ್ದ. ಜುಲೈ ತಿಂಗಳು, ಮೋಡ ಬಿಡುವು ಕೊಟ್ಟ ದಿನ. ಆಟದ ಮೈದಾನದಲ್ಲಿ ಒಂದು ಮೀಟರ್ ಕೋಲು ನೆಟ್ಟರು. ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಕಲ್ಲು. ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆರಳು ಎಲ್ಲಕ್ಕಿಂತ ಗಿಡ್ಡ ಎಂದು ಮಕ್ಕಳೆಲ್ಲರೂ ಮೊದಲೇ ಹೇಳಿಯಾಗಿತ್ತು.

ಹನ್ನೆರಡಾಯಿತು. ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಹನ್ನೆರಡು ಹತ್ತು, ಹನ್ನೆರಡು ಇಪ್ಪತ್ತು. "ಗಡಿಯಾರವೇ ಸರಿಯಿಲ್ಲ ಸರ್" ಎಂದ ಒಬ್ಬ. ಫೋನು ನೋಡಿದರು, ಗಡಿಯಾರ ಸರಿಯಾಗಿಯೇ ಇತ್ತು. ನೆರಳು ಅತ್ಯಂತ ಗಿಡ್ಡವಾದದ್ದು ಹನ್ನೆರಡೂವರೆಯ ಹೊತ್ತಿಗೆ. ಆಗಲೂ ಅದು ಪೂರ್ತಿ ಮಾಯವಾಗಲಿಲ್ಲ, ಸುಮಾರು 16 ಸೆಂಟಿಮೀಟರು ಉಳಿಯಿತು. ಅದಕ್ಕಿಂತ ದೊಡ್ಡ ಆಶ್ಚರ್ಯ, ನೆರಳು ಬಿದ್ದದ್ದು ದಕ್ಷಿಣಕ್ಕೆ. ಸೂರ್ಯ ನಮ್ಮ ಉತ್ತರಕ್ಕಿದ್ದ!

"ಯಾಕೆ ಸರ್?" ಎಂದು ಮಕ್ಕಳು ಕೇಳಿದಾಗ ಆ ಪ್ರಶಿಕ್ಷಣಾರ್ಥಿ ಹೇಳಿದ ಮಾತು ನನಗೆ ಬಹಳ ಇಷ್ಟವಾಯಿತು: "ನಂಗೂ ಈಗ ಗೊತ್ತಿಲ್ಲ. ಕಲ್ಲು ತೆಗೀಬೇಡಿ, ನಾಳೆ ಹೇಳ್ತೀನಿ." ಸಂಜೆ ಡಯಟ್‌ನ ವಿಜ್ಞಾನ ಉಪನ್ಯಾಸಕರನ್ನು ಕೇಳಿಕೊಂಡು, ಅಟ್ಲಾಸ್ ಹುಡುಕಿಕೊಂಡು ಬಂದ. ನಮ್ಮ ಗಡಿಯಾರಗಳೆಲ್ಲ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ. ಅದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ, ಆಂಧ್ರದ ಕಾಕಿನಾಡದ ಹತ್ತಿರ ಹಾದುಹೋಗುತ್ತದೆ. ಮೈಸೂರು ಅಲ್ಲಿಂದ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಕಾಕಿನಾಡದ ನೆತ್ತಿ ದಾಟಿದ ಸೂರ್ಯ ನಮ್ಮಲ್ಲಿಗೆ ಬರಲು ಇಪ್ಪತ್ತಮೂರು ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತದೆ. ಭೂಮಿಯ ಪಥ ಪೂರ್ತಿ ದುಂಡಗಿಲ್ಲದ್ದರಿಂದ, ಅದರ ಅಕ್ಷ ವಾಲಿರುವುದರಿಂದ ಜುಲೈಯಲ್ಲಿ ಇನ್ನೊಂದು ಆರು ನಿಮಿಷ ಸೇರುತ್ತದೆ. ಇದೇ ಕೋಲನ್ನು ನವೆಂಬರ್ ಮೊದಲ ವಾರದಲ್ಲಿ ನೆಟ್ಟರೆ ಹನ್ನೆರಡು ಗಂಟೆ ಏಳು ನಿಮಿಷದ ಸುಮಾರಿಗೇ ನೆರಳು ಗಿಡ್ಡವಾಗುತ್ತದೆ, ಬೀಳುವುದೂ ಉತ್ತರಕ್ಕೆ.

ಆರನೇ ತರಗತಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಬಹುದು. ಅಕ್ಷ, ಪಥಗಳ ವಿವರ ಆಮೇಲೆ ಬರಲಿ. ಆದರೆ ತಾವು ಇಟ್ಟ ಕಲ್ಲುಗಳು ಎಲ್ಲರೂ ಹೇಳಿಕೊಂಡು ಬಂದ ಮಾತಿಗೆ ಒಪ್ಪದಿದ್ದಾಗ ಕಲ್ಲನ್ನೇ ಮತ್ತೆ ಮತ್ತೆ ನೋಡುವ ಅಭ್ಯಾಸ ಆ ವಯಸ್ಸಿನಲ್ಲೇ ಬರಬೇಕು. ಕರ್ನಾಟಕವೆಲ್ಲ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ಸಲ ಮಧ್ಯಾಹ್ನ ಕೋಲಿನ ನೆರಳು ಮಾಯವಾಗುತ್ತದೆ. ಏಪ್ರಿಲ್, ಮೇ ತಿಂಗಳಿನದು ಬೇಸಿಗೆ ರಜೆಯ ಪಾಲು. ಆಗಸ್ಟಿನದು ಶಾಲೆಯ ದಿನಗಳಲ್ಲೇ ಬರುತ್ತದೆ: ಬೀದರಿನಲ್ಲಿ ತಿಂಗಳ ಮೊದಲ ದಿನಗಳಲ್ಲಿ, ಹುಬ್ಬಳ್ಳಿ ಧಾರವಾಡದಲ್ಲಿ 10ರ ಆಚೀಚೆ, ಬೆಂಗಳೂರು ಮಂಗಳೂರುಗಳಲ್ಲಿ 18ರ ಸುಮಾರಿಗೆ, ಮೈಸೂರಿನಲ್ಲಿ 20ರ ಹೊತ್ತಿಗೆ. ಬೇರೆ ಬೇರೆ ಜಿಲ್ಲೆಗಳಲ್ಲಿರುವ ಪ್ರಶಿಕ್ಷಣಾರ್ಥಿಗಳು ತಮ್ಮ ಶಾಲೆಯ ಅಳತೆಗಳನ್ನು ಫೋನಿನಲ್ಲಿ ಪರಸ್ಪರ ಕಳುಹಿಸಿಕೊಂಡರೆ ಮಕ್ಕಳು ಬೀದರಿನಿಂದ ಚಾಮರಾಜನಗರದವರೆಗೆ ಸೂರ್ಯ ಇಳಿದು ಬರುವುದನ್ನು ತಮ್ಮ ನೋಟ್ ಬುಕ್ಕಿನಲ್ಲೇ ನೋಡಬಹುದು. ಬೇಕಾದದ್ದು ಕೋಲು, ದಾರ, ಬಿಸಿಲು.

ತೇಲುವ ಮುಳುಗುವ ಪಾಠದಲ್ಲಿ ಇನ್ನೊಂದು ಸಂಗತಿ ಕಂಡಿತು. ಬಕೆಟ್ ನೀರು, ಸಿಪ್ಪೆ ಇರುವ ಕಿತ್ತಳೆ, ಸಿಪ್ಪೆ ಸುಲಿದ ಕಿತ್ತಳೆ, ಗುಂಡುಸೂಜಿ, ಮರದ ತುಂಡು, ಜೇಡಿಮಣ್ಣಿನ ಉಂಡೆ, ಅದೇ ಮಣ್ಣಿನ ಬಟ್ಟಲು. ಮೊದಲು ಊಹೆ ಬರೆಯಬೇಕು, ಆಮೇಲೆ ಹಾಕಿ ನೋಡಬೇಕು. ಸಿಪ್ಪೆ ಇರುವ ಭಾರದ ಹಣ್ಣು ತೇಲಿ, ಸುಲಿದ ಹಗುರದ್ದು ಮುಳುಗಿದ ತಕ್ಷಣ ಮಕ್ಕಳು ಏನು ಮಾಡಿದರು ಗೊತ್ತೇ? ಸದ್ದಿಲ್ಲದೆ ರಬ್ಬರು ತೆಗೆದು ತಮ್ಮ ಊಹೆಯನ್ನು ಅಳಿಸಿ, ಸರಿ ಉತ್ತರ ಬರೆದುಕೊಂಡರು. ತಪ್ಪು ಎಂದರೆ ಕೆಂಪು ಗೀಟು ಎಂದು ಅಷ್ಟರಲ್ಲಾಗಲೇ ಕಲಿತಿದ್ದರು. ಮುಂದಿನ ವಾರ ಪ್ರಶಿಕ್ಷಣಾರ್ಥಿ ಎಲ್ಲರಿಗೂ ಪೆನ್ನು ಕೊಟ್ಟು ಊಹೆ ಬರೆಸಿದಳು. ಯಾರ ಊಹೆ ತಪ್ಪಾಯಿತೋ ಅವರೇ ಮೊದಲು ಮಾತಾಡಬೇಕು, ಹಾಗೇಕೆ ಅಂದುಕೊಂಡೆ ಎಂದು ಹೇಳಬೇಕು ಎಂದಳು. ಮೊದಮೊದಲು ನಾಚಿಕೆಪಟ್ಟ ಮಕ್ಕಳು ಸ್ವಲ್ಪ ಹೊತ್ತಿಗೆ ತಮ್ಮ ತಪ್ಪು ಊಹೆ ಹೇಳಲು ಕೈ ಎತ್ತತೊಡಗಿದರು. ಯಾವ ಥರ್ಮಕೋಲ್ ಮಾದರಿಯಿಂದಲೂ ಬಾರದ ಧೈರ್ಯ ಅದು.

ಎಲ್ಲ ಪಾಠಕ್ಕೂ ಚಟುವಟಿಕೆ ಬೇಕೆಂಬ ಹಟ ಒಳ್ಳೆಯದಲ್ಲ. ಮಗ್ಗಿ ರೂಢಿಯಾಗಬೇಕಾದರೆ ಹೇಳಿ ಹೇಳಿಯೇ ಆಗಬೇಕು. ಓದು ಬರಬೇಕಾದರೆ ಕೈಗೆ ಕಥೆಪುಸ್ತಕ ಕೊಟ್ಟು ಓದಿಸಬೇಕು. ಬಲೂನು ಊದಿ, ಅದರ ಮೇಲೆ ಸ್ವರಾಕ್ಷರ ಬರೆದು, ಒಡೆಯುವ ಆಟದಲ್ಲಿ ಮಕ್ಕಳಿಗೆ ನೆನಪಿರುವುದು ಬಲೂನು ಒಡೆದದ್ದು. ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಲ್ಲೂ ಹೀಗಾಗುವುದುಂಟು. ಸೊಪ್ಪು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಕೂತ ಮಗುವಿನ ಹಿಂದೆ ಅಮ್ಮ ನಿಂತು ಚಿಲ್ಲರೆಯ ಲೆಕ್ಕ ತಾನೇ ಹಾಕಿಬಿಟ್ಟರೆ ಸಂತೆ ಸಂಭ್ರಮವಾಗಿ ನಡೆಯುತ್ತದೆ, ಲೆಕ್ಕ ಮಗುವಿಗೆ ಸಿಗುವುದಿಲ್ಲ. 2023ರ ಆರಂಭದಲ್ಲಿ ರಾಜ್ಯದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ 'ಊರು ತಿಳಿಯೋಣ', 'ಮಾಡು ಆಡು', 'ಕಾಗದ ಕತ್ತರಿ' ಎಂಬ ಮೂಲೆಗಳಿದ್ದವು. ಮಕ್ಕಳು ಕುಣಿದಾಡಿದರು, ಊರವರೂ ಬಂದರು. ಆ ಮೂಲೆಗಳು ಹಬ್ಬವಿಲ್ಲದ ಒಂದು ಸಾಮಾನ್ಯ ಮಂಗಳವಾರ ತರಗತಿಯೊಳಗೆ ಬರಬೇಕು ಎಂಬುದು ನನ್ನ ಆಸೆ.

ಪೋಷಕರ ದೂರು ಒಂದಿದೆ. "ಬರೀ ಆಟ ಆಡಿಸ್ತಾರೆ, ಬರೆಸೋದೇ ಇಲ್ಲ." ಕೂಲಿ ಬಿಟ್ಟು ಸಭೆಗೆ ಬಂದ ತಾಯಿ ಹೀಗೆ ಹೇಳಿದರೆ ಅದನ್ನು ತಿಳಿವಳಿಕೆ ಇಲ್ಲದ ಮಾತೆಂದು ತಳ್ಳಿಹಾಕಬಾರದು. ಮಗು ಏನು ಕಲಿಯಿತು ಎಂಬುದಕ್ಕೆ ಅವಳ ಕಣ್ಣಿಗೆ ಕಾಣುವ ಪುರಾವೆ ನೋಟ್ ಬುಕ್ ಒಂದೇ. ಆದ್ದರಿಂದ ಕಡ್ಡಿ ಬಿಚ್ಚಿದ ದಿನವೇ ಆ ಕಟ್ಟುಗಳ ಚಿತ್ರ ಪುಸ್ತಕಕ್ಕೆ ಬರಬೇಕು, ಪಕ್ಕದಲ್ಲಿ ಲೆಕ್ಕವೂ ಇರಬೇಕು. ನೆರಳಿನ ಅಳತೆಗಳು ಪಟ್ಟಿಯಾಗಬೇಕು. ಕೈ ಮಾಡಿದ್ದನ್ನು ಬರೆದಾಗಲೇ ಅದು ಮಗುವಿನ ಮನಸ್ಸಿನಲ್ಲೂ ಗಟ್ಟಿಯಾಗುವುದು.

ಈಗ ವ್ಯವಸ್ಥೆಯ ಮಾತು. ಎರಡು ವರ್ಷದ ಡಿ.ಎಲ್.ಇಡಿ. ಕೋರ್ಸಿನಲ್ಲಿ ಕನಿಷ್ಠ 20 ವಾರ ಶಾಲಾ ಇಂಟರ್ನ್‌ಶಿಪ್ ಇರಬೇಕೆಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಹೇಳುತ್ತದೆ. ಕಡಿಮೆ ಅವಧಿಯೇನಲ್ಲ. ಆದರೆ ಶಿಕ್ಷಕರ ಕೊರತೆ ಇರುವ ಶಾಲೆಗೆ ಪ್ರಶಿಕ್ಷಣಾರ್ಥಿ ಬಂದರೆ ಮರುದಿನವೇ ಅವರ ಕೈಗೆ ಎರಡು ತರಗತಿ ಬರುತ್ತವೆ. ಶಿಕ್ಷಕರು ಸಭೆಗೆ, ತರಬೇತಿಗೆ, ಆನ್‌ಲೈನ್ ಮಾಹಿತಿ ತುಂಬಿಸಲು ಹೋಗಬೇಕು. ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. ಅದರ ಮೇಲೆ ರೆಕಾರ್ಡ್ ಬರೆಯುವ ಹೊರೆ: ಪಾಠಯೋಜನೆ, ವೀಕ್ಷಣಾ ವರದಿ, ಘಟಕ ಪರೀಕ್ಷೆ, ಕ್ರಿಯಾಸಂಶೋಧನೆ. ಎಲ್ಲಕ್ಕೂ ಕೆಂಪು ಶಾಯಿಯ ಅಂಚು, ಎಲ್ಲಕ್ಕೂ ಸಹಿ. ಹಂಚಿಕಡ್ಡಿ ಮುರಿಯಲು, ಹುಡುಗ ಕಟ್ಟು ಬಿಚ್ಚುವವರೆಗೆ ಕಾಯಲು ವೇಳೆ ಉಳಿಯುವುದು ಎಲ್ಲಿ?

ಪಾಠಗಳ ಸಂಖ್ಯೆ ಅರ್ಧವಾದರೂ ನಷ್ಟವಿಲ್ಲ. ಮಾರ್ಗದರ್ಶಕರು ಹಿಂದಿನ ಬೆಂಚಿನಿಂದ ಎದ್ದು ಬಂದು ಒಂದು ಗುಂಪಿನ ಮಕ್ಕಳ ಜತೆ ನೆಲದ ಮೇಲೆ ಕೂರಲಿ. ಪ್ರಶಿಕ್ಷಣಾರ್ಥಿಯ ದನಿ, ಹಲಗೆ ಬರಹ, ಚಾರ್ಟಿನ ಅಂದಕ್ಕಿಂತ ಮೊದಲು ಆ ಮಕ್ಕಳು ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಲಿ.

ಹಂಚಿಕಡ್ಡಿ ತಂದ ಆ ಹುಡುಗಿ ಶಾಲೆ ಬಿಡುವ ಮುಂಚೆ ತರಗತಿ ಶಿಕ್ಷಕರಿಗೆ ಒಂದು ಪುಟ ಬರೆದು ಕೊಟ್ಟಿದ್ದಳು. ಒಂದೊಂದು ಮಗುವಿನ ಹೆಸರಿನ ಮುಂದೆ ಎರಡೆರಡು ಸಾಲು. ಯಾರು ಕಡ್ಡಿ ಇಲ್ಲದೆಯೂ ಕಳೆಯಬಲ್ಲರು, ಯಾರಿಗೆ ಇನ್ನೂ ಕಟ್ಟು ಬೇಕು, ಯಾರು ನೂರರ ಮೇಲೆ ಹೋದರೆ ತಡವರಿಸುತ್ತಾರೆ, ಯಾರಿಗೆ ಲೆಕ್ಕ ಬರುತ್ತದೆ ಆದರೆ ಪ್ರಶ್ನೆ ಓದಲು ಬರುವುದಿಲ್ಲ. ಅಲಂಕಾರವಿಲ್ಲದ, ರೂಲ್ಡ್ ಹಾಳೆಯ ಆ ಒಂದು ಪುಟಕ್ಕೆ ಅವಳ ಕೋರ್ಸಿನಲ್ಲಿ ಅಂಕವಿಲ್ಲ. ಮುಂದಿನ ಸಾಲಿನಿಂದ ಡಯಟ್‌ಗಳು ಪಾಠಯೋಜನೆಯ ವಹಿಗಿಂತ ಮೊದಲು ಈ ಪುಟವನ್ನು ಕೇಳಲಿ, ಹೆಚ್ಚಿನ ಅಂಕವನ್ನೂ ಇದಕ್ಕೇ ಇಡಲಿ.